ಚಳಿಗಾಲದ ಇ-ಬೈಕ್ ಸವಾರಿ: ಬಿಸಿ ಗ್ರಿಪ್ ಮೊದಲಾ, ಗಾಳಿ ತಡೆಯೋದು ಮೊದಲಾ?

ಪ್ರಶ್ನೆ: ನಾವು ಬೆಂಗಳೂರಿನವರು, ಈಗ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಇದ್ದೇವೆ. ಮನೆಯಿಂದ ಆಫೀಸಿಗೆ 11 ಕಿಲೋಮೀಟರ್. ದಿನಾ ಇ-ಬೈಕಿನಲ್ಲೇ ಓಡಾಟ. ಪೆಡಲ್ ಹತ್ತಿರ ಮೋಟರ್ ಇರುವ ಗಾಡಿ, 36 ವೋಲ್ಟ್, 500 ವ್ಯಾಟ್-ಅವರ್ ಬ್ಯಾಟರಿ. ದಪ್ಪನೆಯ ಸ್ಕೀ ಗ್ಲೌಸ್ ಹಾಕಿದರೂ ಆಫೀಸು ಸೇರುವ ಹೊತ್ತಿಗೆ ಬೆರಳು ಮರಗಟ್ಟಿ ಸೈಕಲ್ಲಿಗೆ ಬೀಗ ಹಾಕುವುದಕ್ಕೂ ಆಗುವುದಿಲ್ಲ. ಮೋಟರ್‌ಸೈಕಲ್ಲಿಗೆ ಹಾಕುವ 12 ವೋಲ್ಟಿನ ಹೀಟೆಡ್ ಗ್ರಿಪ್ ತರಿಸೋಣ ಅಂತಿದ್ದೇನೆ. ಹೆಡ್‌ಲೈಟ್ ವೈರಿಗೇ ಸೇರಿಸಿಬಿಡು ಅಂತಾನೆ ಗೆಳೆಯ. ಸೇರಿಸಬಹುದಾ? ಬ್ಯಾಟರಿ ಬೇಗ ಖಾಲಿಯಾಗುತ್ತಾ? ನನ್ನ ಹೆಂಡತಿಗೂ ಇದೇ ತೊಂದರೆ. ಅವಳ ಬೆರಳ ತುದಿ ಪೂರ್ತಿ ಬಿಳಿಚಿಕೊಳ್ಳುತ್ತದೆ.

ಉತ್ತರ: ಹೆಡ್‌ಲೈಟ್ ವೈರಿನ ವಿಷಯ ಮೊದಲು ಮುಗಿಸಿಬಿಡೋಣ. ಬೇಡ. ಯಾಕೆ ಬೇಡ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಗ್ರಿಪ್ ತಗೊಳ್ಳಿ, ಒಳ್ಳೆಯದೇ. ಆದರೆ ಅದಕ್ಕಿಂತ ಮೊದಲು ತಗೊಳ್ಳಬೇಕಾದ ಸಾಮಾನು ಬೇರೆ ಇದೆ. ಅದಿಲ್ಲದೆ ಬರೀ ಗ್ರಿಪ್ ಹಾಕಿಸಿಕೊಂಡವರ ದೂರು ಒಂದೇ: ಅಂಗೈ ಬೆವರುತ್ತೆ, ಬೆರಳು ಮಾತ್ರ ಹಾಗೇ ಕೊರೆಯುತ್ತೆ.

ಹ್ಯಾಂಡಲ್ ಹಿಡಿದುಕೊಂಡು ನಿಮ್ಮ ಕೈಯನ್ನೇ ಒಮ್ಮೆ ನೋಡಿ. ಗ್ರಿಪ್ ಮುಟ್ಟುವುದು ಅಂಗೈ ಮತ್ತು ಬೆರಳುಗಳ ಒಳಮೈ. ಗಾಳಿ ಹೊಡೆಯುವುದು ಕೈಯ ಹೊರಮೈಗೆ, ಗೆಣ್ಣುಗಳಿಗೆ. ಟ್ರಾಫಿಕ್ಕಿನಲ್ಲಿ ಬ್ರೇಕ್ ಮೇಲೆ ಸದಾ ಇಟ್ಟಿರುತ್ತೀರಲ್ಲ, ಆ ಎರಡು ಬೆರಳಂತೂ ಗ್ರಿಪ್ಪನ್ನು ಮುಟ್ಟುವುದೇ ಇಲ್ಲ. ಅವು ಕೂತಿರುವುದು ರಾತ್ರಿಯೆಲ್ಲ ಹೊರಗೆ ನಿಂತು ತಣ್ಣಗಾದ ಅಲ್ಯೂಮಿನಿಯಂ ಲಿವರ್ ಮೇಲೆ. ಹಾಗಾಗಿ ಬರೀ ಗ್ರಿಪ್ ಹಾಕಿಸುವುದು ಕಿಟಕಿ ತೆರೆದಿಟ್ಟು ಹೀಟರ್ ಹಚ್ಚಿದ ಹಾಗೆ. ಕರೆಂಟ್ ಖರ್ಚಾಗುತ್ತೆ, ಚಳಿ ಹೋಗಲ್ಲ.

ಗಾಳಿಯ ಪಾಲು ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿ ನೋಡಿದರೆ ಗೊತ್ತಾಗುತ್ತದೆ. 2001ರಿಂದ ಅಮೆರಿಕ, ಕೆನಡಾದ ಹವಾಮಾನ ಇಲಾಖೆಗಳು ಬಳಸುವ ವಿಂಡ್ ಚಿಲ್ ಸೂತ್ರ ಒಂದಿದೆ, ಗಾಳಿ ಬೀಸಿದರೆ ಚಳಿ ಎಷ್ಟು ಹೆಚ್ಚು ಅನಿಸುತ್ತದೆ ಅಂತ ಹೇಳುವುದು. ನಿಮ್ಮ ಗಾಡಿಯ ಮೋಟರ್ ಕಾನೂನಿನ ಪ್ರಕಾರ ಗಂಟೆಗೆ 25 ಕಿಲೋಮೀಟರ್‌ವರೆಗೆ ಸಹಾಯ ಮಾಡುತ್ತದೆ. ಹೊರಗೆ 0 ಡಿಗ್ರಿ ಇದ್ದು, ಗಾಳಿಯೇ ಇಲ್ಲ ಅಂದುಕೊಂಡರೂ, ಆ ವೇಗದಲ್ಲಿ ಬರಿಯ ಚರ್ಮಕ್ಕೆ ಅದು ಮೈನಸ್ 6ರ ಹಾಗೆ ಹೊಡೆಯುತ್ತದೆ. ಹೊರಗೆ ಮೈನಸ್ 5 ಇದ್ದರೆ ಮೈನಸ್ 12. ಎದುರುಗಾಳಿ ಇದ್ದರೆ ಇನ್ನೂ ಜಾಸ್ತಿ, ಮತ್ತೆ ನಿಮ್ಮ ಕಡೆ ಎದುರುಗಾಳಿ ಇಲ್ಲದ ದಿನ ಎಲ್ಲಿದೆ? ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಐಂಡ್‌ಹೋವನ್‌ನಲ್ಲಿ ಜನವರಿಯ ಎಷ್ಟೋ ಮಧ್ಯಾಹ್ನಗಳು ಅಷ್ಟಕ್ಕೂ ಏರುವುದಿಲ್ಲ. ನಮ್ಮ ಮೈಗೆ ಇದು ಹೊಸದು, ಅಲ್ವಾ.

ಇದರ ಮೇಲೆ ಇ-ಬೈಕಿನದೇ ಒಂದು ತೊಂದರೆ ಇದೆ. ಸಾದಾ ಸೈಕಲ್ ತುಳಿಯುವವನು ಎರಡು ಕಿಲೋಮೀಟರ್ ದಾಟುವಷ್ಟರಲ್ಲಿ ಮೈ ಕಾದು ಜಾಕೆಟ್ಟಿನ ಜಿಪ್ ಇಳಿಸುತ್ತಾನೆ. ಇಲ್ಲಿ ಆ ಕೆಲಸ ಮೋಟರ್ ಮಾಡುತ್ತದೆ, ನಿಮ್ಮ ಮೈ ಕಾಯುವುದಿಲ್ಲ. ಆದರೆ ವೇಗ ಮಾತ್ರ ಜಾಸ್ತಿ, ಗಾಳಿಯೂ ಜಾಸ್ತಿ. ಮೈ ತಣ್ಣಗಿದೆ ಅನಿಸಿದ ಕೂಡಲೇ ದೇಹ ಎದೆ-ಹೊಟ್ಟೆಯ ಶಾಖ ಉಳಿಸಿಕೊಳ್ಳಲು ಕೈಕಾಲಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಬೆರಳಿಗೆ ಬಿಸಿ ತರುವುದು ರಕ್ತ. ಅದೇ ಕಡಿಮೆಯಾದರೆ ಗ್ಲೌಸ್ ಏನು ಮಾಡೀತು? ಗ್ಲೌಸ್ ಇರುವ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೇ, ಬಿಸಿಯನ್ನು ಹುಟ್ಟಿಸುವುದಿಲ್ಲ. ಅದಕ್ಕೇ ನಿಮ್ಮ ಸ್ಕೀ ಗ್ಲೌಸ್ ಕೈಕೊಟ್ಟಿರುವುದು.

ಹಾಗಾಗಿ ಕಾಸು ಖರ್ಚಿಲ್ಲದ ಕೆಲಸ ಮೊದಲು. ಮನೆ ಬಿಟ್ಟ ಮೊದಲ ಹತ್ತು ನಿಮಿಷ ಮೋಟರನ್ನು ಇಕೋದಲ್ಲಿಟ್ಟು ಸ್ವಲ್ಪ ಜೋರಾಗಿಯೇ ತುಳಿಯಿರಿ. ಜಾಕೆಟ್ ಒಳಗೆ ತೋಳಿಲ್ಲದ ಒಂದು ಬೆಚ್ಚನೆಯ ವೆಸ್ಟ್ ಹಾಕಿ. ಮಣಿಕಟ್ಟನ್ನು ಮುಚ್ಚಿ. ಅಲ್ಲಿ ರಕ್ತನಾಳ ಚರ್ಮಕ್ಕೆ ತೀರಾ ಹತ್ತಿರ ಇರುತ್ತದೆ, ಬೆರಳಿಗೆ ಹೋಗುವ ರಕ್ತ ದಾರಿಯಲ್ಲೇ ತಣ್ಣಗಾಗುತ್ತದೆ. ಹಳೆಯ ಉಲ್ಲನ್ ಕಾಲುಚೀಲದ ತುದಿ ಕತ್ತರಿಸಿ ಮಣಿಕಟ್ಟಿಗೆ ಏರಿಸಿಕೊಂಡರೂ ನಡೆಯುತ್ತದೆ. ಆಫೀಸಿನಲ್ಲಿ ಯಾರೂ ನೋಡುವುದಿಲ್ಲ ಬಿಡಿ.

ಈಗ ಮೊದಲು ತಗೊಳ್ಳಬೇಕು ಅಂದ ಆ ಸಾಮಾನು. ಹ್ಯಾಂಡಲ್ಲಿಗೇ ಕಟ್ಟುವ ಚೀಲದಂಥ ಕವರ್, ಮಫ್ ಅನ್ನುತ್ತಾರೆ. ನಿಮ್ಮೂರಿನ ಸೈಕಲ್ ಅಂಗಡಿಯಲ್ಲಿ ಸ್ಟೂರ್‌ಮೊಫನ್ ಅಂತ ಕೇಳಿದರೆ ಕೊಡುತ್ತಾರೆ. ಗ್ರಿಪ್, ಬ್ರೇಕ್ ಲಿವರ್, ಗೇರ್ ಎಲ್ಲವೂ ಅದರೊಳಗೇ ಇರುತ್ತವೆ. ನೀವು ಕೈಯನ್ನು ಒಳಗೆ ತೂರಿಸಿ ಹಿಡಿದುಕೊಳ್ಳುತ್ತೀರಿ. ನೋಡಲು ಚಂದವಿಲ್ಲ, ಒಪ್ಪುತ್ತೇನೆ. ಆದರೆ ಚೀನಾದ ಊರುಗಳಲ್ಲಿ ಚಳಿಗಾಲದಲ್ಲಿ ಇ-ಸ್ಕೂಟರ್ ಓಡಿಸುವವರು ಕೈ, ಎದೆ, ಮಂಡಿ ಎಲ್ಲ ಮುಚ್ಚುವ ರಜಾಯಿಯಂಥದ್ದನ್ನೇ ಗಾಡಿಗೆ ಕಟ್ಟಿಕೊಂಡು ಓಡಾಡುತ್ತಾರೆ. ದಿನವಿಡೀ ಚಳಿಯಲ್ಲಿ ಗಾಡಿ ಓಡಿಸುವವರಿಗೆ ಚಂದಕ್ಕಿಂತ ಬೆರಳು ಮುಖ್ಯ.

ಮಫ್ ಆರಿಸುವಾಗ ಒಂದೆರಡು ವಿಷಯ ನೋಡಿ. ಬಾಯಿ ಸ್ವಲ್ಪ ಗಟ್ಟಿಯಾಗಿ, ತಾನೇ ತೆರೆದುಕೊಂಡು ನಿಲ್ಲುವಂತಿರಬೇಕು. ಮೆತ್ತಗೆ ಜೋತು ಬಿದ್ದರೆ ಹೊರತೆಗೆದ ಕೈಯನ್ನು ಮತ್ತೆ ಒಳಗೆ ಹಾಕಲು ತಡಕಾಡಬೇಕಾಗುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ತಿರುಗುವಾಗ ಕೈ ತೋರಿಸುವುದು ಕಾನೂನು, ಹಾಗಾಗಿ ಪ್ರತಿ ತಿರುವಿನಲ್ಲೂ ಕೈ ಹೊರಗೆ ಬರಲೇಬೇಕು. ಮೋಟರಿನ ಅಸಿಸ್ಟ್ ಬಟನ್ ಎಡಗ್ರಿಪ್ ಪಕ್ಕದಲ್ಲಿ ಇರುತ್ತದಲ್ಲ, ಅದೂ ಒಳಗೆ ಹಿಡಿಯುವಷ್ಟು ಜಾಗ ಇರಬೇಕು. ಬೆಲ್ ಎಲ್ಲಿ ಬರುತ್ತದೆ ನೋಡಿಕೊಳ್ಳಿ. ರಸ್ತೆಗೆ ಇಳಿಯುವ ಮೊದಲು ಖಾಲಿ ಜಾಗದಲ್ಲಿ ನಾಲ್ಕು ಸುತ್ತು ಹೊಡೆದು, ಕೈ ತೆಗೆಯುವುದು, ಹಾಕುವುದು, ಬ್ರೇಕ್ ಹಿಡಿಯುವುದು ರೂಢಿ ಮಾಡಿಕೊಳ್ಳಿ. ಒಳಗೆ ಹೋದ ಬೆರಳು ನೇರ ಲಿವರ್ ಮೇಲೆ ಹೋಗಿ ಕೂರಬೇಕು.

ಮಫ್ ಕಟ್ಟಿದ ಮೇಲೆ ಸ್ಕೀ ಗ್ಲೌಸನ್ನು ಸ್ಕೀಯಿಂಗಿಗೇ ಇಟ್ಟುಕೊಳ್ಳಿ. ದಪ್ಪ ಗ್ಲೌಸ್ ಹಾಕಿ ಬಿಸಿ ಗ್ರಿಪ್ ಹಿಡಿದರೆ, ಚಳಿ ತಡೆಯುವ ಅದೇ ಪದರ ಗ್ರಿಪ್ಪಿನ ಬಿಸಿಯನ್ನೂ ತಡೆಯುತ್ತದೆ. ಅಂಗೈ ತೆಳ್ಳಗಿರುವ ಉಲ್ಲನ್ ಗ್ಲೌಸ್ ಸಾಕು. ಬಿಗಿಯಾಗಿ ಇರಬಾರದು, ಬಿಗಿಯಾದರೆ ರಕ್ತ ಓಡುವುದಿಲ್ಲ. ಹಿಂದಿನ ದಿನದ ಒದ್ದೆ ಗ್ಲೌಸನ್ನು ಮಾತ್ರ ಹಾಕಬೇಡಿ. ಬ್ರೇಕ್ ಲಿವರಿಗೆ ಎರಡು ಸುತ್ತು ಬಟ್ಟೆಯ ಟೇಪ್ ಸುತ್ತಿ, ಇಲ್ಲವೇ ಹೀಟ್‌ಶ್ರಿಂಕ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ಅಂಟಿ ಕೂರುವ ಪ್ಲಾಸ್ಟಿಕ್ ಕೊಳವೆ, ತೊಡಿಸಿ. ಆ ತೆಳು ಪದರದಿಂದ ಎಷ್ಟು ವ್ಯತ್ಯಾಸ ಅನ್ನುವುದು ಮರುದಿನ ಬೆಳಿಗ್ಗೆಯೇ ತೋರುಬೆರಳಿಗೆ ಗೊತ್ತಾಗುತ್ತದೆ.

ಗಾಳಿ ನಿಂತಿತು ಅಂದುಕೊಳ್ಳಿ. ಈಗ ಗ್ರಿಪ್ಪಿನಿಂದ ಎಷ್ಟು ಬಿಸಿ ಬೇಕು? ಇಲ್ಲೇ ನಿಮ್ಮ ಲೆಕ್ಕ ಬದಲಾಗುವುದು. ಮೋಟರ್‌ಸೈಕಲ್ ಕಿಟ್‌ಗಳು ಸಾಮಾನ್ಯವಾಗಿ 30ರಿಂದ 50 ವ್ಯಾಟ್ ಎಳೆಯುತ್ತವೆ. ತೆರೆದ ಗಾಳಿಯಲ್ಲಿ, ಗಂಟೆಗೆ 80-100 ಕಿಲೋಮೀಟರ್ ವೇಗದಲ್ಲಿ, ದಪ್ಪ ಗ್ಲೌಸ್ ಹಾಕಿದ ಕೈಗೆ ಅಂತ ಮಾಡಿರುವುದು ಅವು. ಮುಚ್ಚಿದ ಮಫ್ ಒಳಗೆ ನಿಮಗೆ ಅಷ್ಟು ಬೇಡವೇ ಬೇಡ. ಎರಡೂ ಗ್ರಿಪ್ ಸೇರಿ 10 ವ್ಯಾಟ್ ಇದ್ದರೂ ಆ ಪುಟ್ಟ ಚೀಲದೊಳಗಿನ ಗಾಳಿ ಬೆಚ್ಚಗಾಗಿ ಕೈಯ ಹೊರಮೈಗೂ ತಾಗುತ್ತದೆ. 10 ವ್ಯಾಟ್ ಅಂದರೆ 5 ವೋಲ್ಟ್, 2 ಆಂಪಿಯರ್. ಸಾದಾ ಯುಎಸ್‌ಬಿ ಪವರ್ ಬ್ಯಾಂಕ್ ಸಾಕು. ಹೆಡ್‌ಲೈಟ್ ವೈರೂ ಬೇಡ, ಬ್ಯಾಟರಿಗೆ ಕೈ ಹಾಕುವುದೂ ಬೇಡ.

ಹಾಗಾಗಿ ನನ್ನ ಸಲಹೆ: 11 ಕಿಲೋಮೀಟರಿಗೆ, ಐಂಡ್‌ಹೋವನ್ ಚಳಿಗೆ, ಮಫ್ ಜೊತೆಗೆ ಸೈಕಲ್ಲಿಗೆಂದೇ ಮಾಡಿದ ಯುಎಸ್‌ಬಿ ಗ್ರಿಪ್. ಮೋಟರ್‌ಸೈಕಲ್ ಕಿಟ್ ಬೇಡ. ನೀವು ಫಿನ್‌ಲ್ಯಾಂಡಿನ ಔಲುವಿನಲ್ಲೋ ಕೆನಡಾದ ವಿನಿಪೆಗ್‌ನಲ್ಲೋ ಇದ್ದು ಕೇಳಿದ್ದರೆ ಬೇರೆ ಮಾತು. ಅಲ್ಲಿ ಮೈನಸ್ 20 ದೊಡ್ಡ ವಿಷಯವೇ ಅಲ್ಲ.

ಇಷ್ಟು ಹೇಳಿದರೂ ಕೆಲವರು 12 ವೋಲ್ಟ್ ಕಿಟ್ಟನ್ನೇ ತರಿಸುತ್ತಾರೆ. ನೀವೂ ಆ ಪೈಕಿ ಆದರೆ ಡಬ್ಬಿ ಬಿಚ್ಚಿದ ಕೂಡಲೇ ಎರಡು ಗ್ರಿಪ್ಪಿನ ಒಳ ಅಳತೆ ನೋಡಿ. ಒಂದೇ ಇರುವುದಿಲ್ಲ. ಸೈಕಲ್ ಹ್ಯಾಂಡಲ್ಲಿನ ತುದಿ 22.2 ಮಿಲಿಮೀಟರ್, ಮೋಟರ್‌ಸೈಕಲ್ಲಿನ ಎಡಗ್ರಿಪ್ ಅದಕ್ಕೆ ಸರಿಯಾಗಿ ಕೂರುತ್ತದೆ. ಬಲಗ್ರಿಪ್ ಥ್ರಾಟಲ್ (ಆಕ್ಸಿಲರೇಟರ್) ಕೊಳವೆಯ ಮೇಲೆ ಕೂರಬೇಕಾದದ್ದು, ಅದರ ತೂತು ಎರಡು-ಮೂರು ಮಿಲಿಮೀಟರ್ ದೊಡ್ಡದು. ಸೈಕಲ್ಲಿಗೆ ಹಾಕಿದರೆ ಗಿರಗಿರ ತಿರುಗುತ್ತದೆ. ತಿರುಗುವ ಗ್ರಿಪ್ ಹಿಡಿದು ಬ್ರೇಕ್ ಹಾಕುವುದು ಅಪಾಯ. ನಡುವೆ ಪ್ಲಾಸ್ಟಿಕ್ ತೋಳು ತೂರಿಸಿ ಗಟ್ಟಿ ಮಾಡಲೇಬೇಕು. ಅಲ್ಯೂಮಿನಿಯಂ ಹ್ಯಾಂಡಲ್ ಬಿಸಿಯನ್ನು ಹೀರಿಕೊಳ್ಳುತ್ತದಾದ್ದರಿಂದ ಈ ತೋಳಿನಿಂದ ಆ ಲಾಭವೂ ಇದೆ.

ಉದ್ದವನ್ನೂ ಅಳೆಯಿರಿ. ನಿಮ್ಮೂರಿನ ಎಷ್ಟೋ ಗಾಡಿಗಳಲ್ಲಿ ಗೇರ್ ಬದಲಿಸುವುದು ಬಲಗೈಯಲ್ಲಿ ತಿರುಗಿಸುವ ಶಿಫ್ಟರ್‌ನಿಂದ. ಶಿಮಾನೊ ನೆಕ್ಸಸ್ ಇರಲಿ, ಎನ್ವಿಯೋಲೊ ಇರಲಿ, ಅಂಥ ಗಾಡಿಯಲ್ಲಿ ಬಲಗ್ರಿಪ್ಪಿಗೆ ಉಳಿಯುವ ಜಾಗ 9-10 ಸೆಂಟಿಮೀಟರ್ ಮಾತ್ರ. 12-13 ಸೆಂಟಿಮೀಟರಿನ ಬಿಸಿ ಗ್ರಿಪ್ ಕೂರುವುದಿಲ್ಲ. ಕತ್ತರಿಸುವ ಹಾಗೂ ಇಲ್ಲ, ಒಳಗೆ ಹೀಟರ್ ತಂತಿ ಇರುತ್ತದೆ. ಅಂಥ ಗಾಡಿಗೆ ಗ್ರಿಪ್ ಮೇಲೆ ಸುತ್ತಿ ವೆಲ್ಕ್ರೊ ಹಾಕುವ ಪಟ್ಟಿಯೇ ಸರಿ. ಯಾವುದನ್ನೇ ಹಾಕಿದರೂ ಕೊನೆಗೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ವೈರ್ ಎಳೆಯಬಾರದು, ಬ್ರೇಕ್ ಲಿವರಿಗೆ ಸಿಕ್ಕಿಕೊಳ್ಳಬಾರದು.

ಇನ್ನು ಹೆಡ್‌ಲೈಟ್ ವೈರ್. ಮೋಟರಿನಿಂದ ದೀಪಕ್ಕೆ ಬರುವ ವೈರಿನಲ್ಲಿ 6 ಅಥವಾ 12 ವೋಲ್ಟ್ ಇರುತ್ತದೆ, ನಿಜ. ಆದರೆ ಅದರ ಶಕ್ತಿ ದೀಪ ಉರಿಸುವಷ್ಟೇ. 12 ವೋಲ್ಟ್ ಇರುವಲ್ಲೂ ಮುಂದಿನ-ಹಿಂದಿನ ದೀಪ ಎರಡೂ ಸೇರಿ 15-17 ವ್ಯಾಟ್ ಸಿಕ್ಕರೆ ಹೆಚ್ಚು. ಅದಕ್ಕೆ 36 ವ್ಯಾಟಿನ ಗ್ರಿಪ್ ಸೇರಿಸಿದರೆ ಏನಾಗುತ್ತದೆ? ಅದೃಷ್ಟ ಇದ್ದರೆ ಮೋಟರ್ ದೀಪದ ಕರೆಂಟ್ ನಿಲ್ಲಿಸಿ ಎರರ್ ತೋರಿಸುತ್ತದೆ. ಡಿಸೆಂಬರಿನ ಬೆಳಿಗ್ಗೆ 8 ಗಂಟೆಗೆ, ಕತ್ತಲಲ್ಲಿ, ದೀಪವೇ ಆರಿಹೋದ ಗಾಡಿ. ಅದೃಷ್ಟ ಇಲ್ಲದಿದ್ದರೆ ಮೋಟರಿನ ಬೋರ್ಡ್ ಸುಟ್ಟುಕೊಳ್ಳುತ್ತದೆ, ವಾರಂಟಿಯೂ ಹೋಗುತ್ತದೆ.

ಲೋ-ನಲ್ಲಿ ಇಟ್ಟುಕೊಂಡರೆ ಆಯ್ತಲ್ಲ ಅಂತ ನಿಮ್ಮ ಗೆಳೆಯ ಕೇಳಬಹುದು. ಆಗಲ್ಲ. ಬಹುತೇಕ ಗ್ರಿಪ್ ಸ್ವಿಚ್‌ಗಳು ಬಿಸಿ ಕಡಿಮೆ ಮಾಡುವುದು ಕರೆಂಟನ್ನು ತಗ್ಗಿಸಿ ಅಲ್ಲ, ಆನ್-ಆಫ್ ಆನ್-ಆಫ್ ಮಾಡಿ. ಆನ್ ಇದ್ದಾಗಲೆಲ್ಲ ಪೂರ್ತಿ ಕರೆಂಟೇ ಎಳೆಯುತ್ತದೆ. ಹಾಗಾಗಿ ಕರೆಂಟ್ ಕೊಡುವ ಮೂಲ ಯಾವುದೇ ಇರಲಿ, ಹೈ-ನಲ್ಲಿ ಎಳೆಯುವಷ್ಟನ್ನು ತಾಳುವಂತಿರಬೇಕು.

ಇದಕ್ಕಿಂತ ದೊಡ್ಡ ಅಪಾಯ 36 ವೋಲ್ಟಿಗೆ ನೇರ ಕೊಡುವುದು. 12 ವೋಲ್ಟಿನಲ್ಲಿ 36 ವ್ಯಾಟ್ ಎಳೆಯುವ ಜೋಡಿಯ ರೆಸಿಸ್ಟೆನ್ಸ್ 4 ಓಮ್. ವೋಲ್ಟೇಜ್ ಮೂರು ಪಟ್ಟಾದರೆ ಶಾಖ ಒಂಬತ್ತು ಪಟ್ಟು. 36 ವೋಲ್ಟಿನಲ್ಲಿ ಅದೇ ಗ್ರಿಪ್ 324 ವ್ಯಾಟ್. ಪೂರ್ತಿ ಚಾರ್ಜ್ ಆದ ನಿಮ್ಮ ಬ್ಯಾಟರಿ 42 ವೋಲ್ಟ್ ಇರುತ್ತದೆ, ಆಗ 441 ವ್ಯಾಟ್. ಸಣ್ಣ ಇಸ್ತ್ರಿ ಪೆಟ್ಟಿಗೆಯಷ್ಟು ಶಾಖ ಅದು, ನಿಮ್ಮ ಅಂಗೈಯಲ್ಲಿ. 36ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಸಿಗುತ್ತದೆ, ಫ್ಯೂಸ್ ಹಾಕಿ ಅದನ್ನು ಬಳಸಬಹುದು. ಆದರೆ ಅದು ವೈರ್‌ಗಳು ಹೊರಗೇ ಕಾಣುವ, ಚಕ್ರದಲ್ಲಿ ಮೋಟರ್ ಇರುವ ಸರಳ ಗಾಡಿಗೆ ಸರಿ. ನಿಮ್ಮದರಂಥ ಗಾಡಿಯಲ್ಲಿ ಬ್ಯಾಟರಿಯೂ ಮೋಟರೂ ಒಂದಕ್ಕೊಂದು ಡೇಟಾ ಕಳಿಸಿಕೊಳ್ಳುತ್ತಿರುತ್ತವೆ. ನಡುವೆ ವೈರ್ ಕತ್ತರಿಸಿ ಮೂರನೆಯದನ್ನು ಸೇರಿಸಬಾರದು.

12 ವೋಲ್ಟ್ ಕಿಟ್ಟಿಗೆ ಸುರಕ್ಷಿತ ದಾರಿ ಅಂದರೆ 12 ವೋಲ್ಟ್ ಕೊಡುವ ಪಿಡಿ ಪವರ್ ಬ್ಯಾಂಕ್ (ಪಿಡಿ ಅಂದರೆ ಪವರ್ ಡೆಲಿವರಿ, 5 ವೋಲ್ಟಿಗಿಂತ ಹೆಚ್ಚು ಕೊಡಬಲ್ಲ ಯುಎಸ್‌ಬಿ). ಎಲ್ಲವೂ ಕೊಡುವುದಿಲ್ಲ, ಬೆನ್ನ ಮೇಲೆ ಔಟ್‌ಪುಟ್ ಪಟ್ಟಿಯಲ್ಲಿ 12 ವೋಲ್ಟ್, 3 ಆಂಪಿಯರ್ ಅಂತ ಅಚ್ಚಾಗಿದೆಯಾ ನೋಡಿ. ಅಲ್ಲೂ ಒಂದು ಕಿರಿಕಿರಿ ಇದೆ. ಓಡುತ್ತಿರುವ ಮೋಟರ್‌ಸೈಕಲ್ಲಿನಲ್ಲಿ 14 ವೋಲ್ಟ್ ಇರುತ್ತದೆ, ಕಿಟ್ ಮಾಡಿರುವುದು ಅದಕ್ಕೆ. 12ರಲ್ಲಿ ಅದರ ಮುಕ್ಕಾಲು ಪಾಲು ಶಾಖ ಮಾತ್ರ ಬರುತ್ತದೆ. ಕೆಲವು ಕಿಟ್‌ಗಳು ವೋಲ್ಟೇಜ್ 12ಕ್ಕಿಂತ ಸ್ವಲ್ಪ ಇಳಿದರೂ ಬ್ಯಾಟರಿ ವೀಕ್ ಆಗಿದೆ ಅಂದುಕೊಂಡು ತಾವೇ ಆಫ್ ಆಗುತ್ತವೆ. ಗ್ರಿಪ್ ಕೆಟ್ಟಿದೆ ಅಂತ ವಾಪಸ್ ಕಳಿಸುವ ಮೊದಲು ಇದನ್ನು ನೋಡಿ.

ಬ್ಯಾಟರಿ ಎಷ್ಟು ತಿನ್ನುತ್ತದೆ ಅಂತ ಕೇಳಿದ್ದೀರಿ. ಪವರ್ ಬ್ಯಾಂಕ್ ಬಳಸಿದರೆ ಗಾಡಿಯ ಬ್ಯಾಟರಿಯಿಂದ ಏನೂ ಇಲ್ಲ. 20,000 ಎಂಎಎಚ್‌ನದರಲ್ಲಿ ಸುಮಾರು 74 ವ್ಯಾಟ್-ಅವರ್ ಇರುತ್ತದೆ. 10 ವ್ಯಾಟಿನ ಗ್ರಿಪ್ಪಿಗೆ ಅದರಲ್ಲಿ ನಾಲ್ಕೈದು ದಿನ ಹೋಗಿ ಬರಬಹುದು. ಹ್ಯಾಂಡಲ್ಲಿಗೆ ಕಟ್ಟಬೇಡಿ, ಜಾಕೆಟ್ ಜೇಬಿನಲ್ಲೋ ಬ್ಯಾಗಿನಲ್ಲೋ ಇಡಿ, ತಣ್ಣಗಾದರೆ ಅದೂ ಸೊರಗುತ್ತದೆ. ಒಂದು ವೇಳೆ ಗಾಡಿಯ ಬ್ಯಾಟರಿಯಿಂದಲೇ 36 ವ್ಯಾಟ್ ಎಳೆದರೂ ಅರ್ಧ ಗಂಟೆಗೆ 18 ವ್ಯಾಟ್-ಅವರ್ ಆಯಿತು. ಕಿಲೋಮೀಟರಿಗೆ 9-10 ವ್ಯಾಟ್-ಅವರ್ ತಿನ್ನುವ ಗಾಡಿಗೆ ಅದು ಎರಡು ಕಿಲೋಮೀಟರಿನ ಮಾತು. ಗ್ರಿಪ್ಪಿಗಿಂತ ಚಳಿಯೇ ಜಾಸ್ತಿ ತಿನ್ನುತ್ತದೆ. ಸೊನ್ನೆ ಡಿಗ್ರಿಯಲ್ಲಿ ರಾತ್ರಿಯಿಡೀ ಹೊರಗಿದ್ದ ಬ್ಯಾಟರಿ ಐದರಲ್ಲೊಂದು ಪಾಲು ದೂರ ಕಡಿಮೆ ಓಡಿದರೂ ಆಶ್ಚರ್ಯವಿಲ್ಲ. ರಾತ್ರಿ ಬ್ಯಾಟರಿ ಬಿಚ್ಚಿ ಮನೆಯೊಳಗೆ ತನ್ನಿ. ಒಳಗೆ ತಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ಕೋಣೆಯಷ್ಟು ಬೆಚ್ಚಗಾಗಲಿ. ಸೊನ್ನೆಗಿಂತ ತಣ್ಣಗಿರುವ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಕೂರುತ್ತದೆ, ಆ ಹಾನಿ ಸರಿಹೋಗುವುದಿಲ್ಲ.

ಮತ್ತೆ, ನಿಮ್ಮೂರಲ್ಲಿ ಸೈಕಲ್ ದಾರಿಗೂ ಉಪ್ಪು ಚೆಲ್ಲುತ್ತಾರೆ. ಉಪ್ಪುನೀರು ಕನೆಕ್ಟರ್ ಒಳಗೆ ಹೋದರೆ ಒಂದೇ ಚಳಿಗಾಲದಲ್ಲಿ ಹಸಿರು ಕಿಲುಬು. ನೀರು ಹೋಗದ ಕನೆಕ್ಟರೇ ಇರುವ ಗ್ರಿಪ್ ತಗೊಳ್ಳಿ.

ಇನ್ನು ನಿಮ್ಮ ಹೆಂಡತಿಯ ವಿಷಯ. ಇದನ್ನು ಬರೀ ಚಳಿ ಅಂತ ಬಿಟ್ಟುಬಿಡಬೇಡಿ. ಬೆರಳು ಪೂರ್ತಿ ಬಿಳಿಚಿ, ಆಮೇಲೆ ನೀಲಿಯಾಗಿ, ಬೆಚ್ಚಗಾಗುವಾಗ ಕೆಂಪಾಗಿ ಉರಿಯುತ್ತದೆಯಾ ಕೇಳಿ. ಬೆಳ್ಳಗಾದ ಜಾಗ ಗೆರೆ ಎಳೆದ ಹಾಗೆ ಒಂದು ಕಡೆ ನಿಲ್ಲುತ್ತದೆಯಾ? ಹಾಗಿದ್ದರೆ ಅದು ರೇನೋ ಇರಬಹುದು. ಚಳಿಗೆ ಬೆರಳಿನ ರಕ್ತನಾಳ ಬೇಕಾದದ್ದಕ್ಕಿಂತ ಜಾಸ್ತಿ ಬಿಗಿಯುವ ಸಮಸ್ಯೆ. ಹೆಂಗಸರಲ್ಲಿ ಹೆಚ್ಚು. ಎಷ್ಟೋ ಜನರಿಗೆ ಕೈ ಬೆಚ್ಚಗಿಟ್ಟುಕೊಂಡರೆ ಸಾಕಾಗುತ್ತದೆ. ಕೆಲವರಿಗೆ ಹಿಂದೆ ಬೇರೆ ಕಾಯಿಲೆ ಇರುತ್ತದೆ. ಒಮ್ಮೆ ನಿಮ್ಮ ಮನೆ ಡಾಕ್ಟರಿಗೆ, ಅದೇ ಹೌಸ್‌ಆರ್ಟ್ಸ್‌ಗೆ, ತೋರಿಸಿ. ಬೆಳ್ಳಗಾದಾಗ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಡಾಕ್ಟರ ಮುಂದೆ ಕೂತಾಗ ಬೆರಳು ಸರಿಯಾಗಿಯೇ ಇರುತ್ತದೆ.

ಅವರಿಗೆ ಮಫ್ ಜೊತೆ ಗ್ರಿಪ್ ಖಂಡಿತ ಹಾಕಿಸಿ, ನಿಮಗಿಂತ ಮೊದಲೇ. ಆದರೆ ಕೈ ಮರಗಟ್ಟಿದ ಮೇಲೆ ಆನ್ ಮಾಡುವುದಲ್ಲ, ಹೊರಡುವ ಐದು ನಿಮಿಷ ಮೊದಲೇ ಆನ್ ಮಾಡಿರಬೇಕು. ಮರಗಟ್ಟಿದ ಬೆರಳಿಗೆ ಸುಡುವುದು ಗೊತ್ತಾಗುವುದಿಲ್ಲ. 44-45 ಡಿಗ್ರಿಯಷ್ಟೇ ಬಿಸಿ ಇದ್ದರೂ ಗಂಟೆಗಟ್ಟಲೆ ಒಂದೇ ಕಡೆ ಒತ್ತಿಕೊಂಡಿದ್ದರೆ ಚರ್ಮ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಡಿಮೆಯಾದವರಿಗೂ ಇದೇ ಮಾತು. ಆಫೀಸು ಸೇರಿದ ಕೂಡಲೇ ಬಿಸಿನೀರಿನ ನಲ್ಲಿಯ ಕೆಳಗೆ ಕೈ ಹಿಡಿಯುವುದನ್ನೂ ಬಿಡಲು ಹೇಳಿ. ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಐದು ನಿಮಿಷ ಕೂತರೆ ಸಾಕು.